ಸರ್ಕಾರದ ಹಸ್ತಕ್ಷೇಪ ಆದಷ್ಟು ಕಡಿಮೆ ಇರಲಿ ಎನ್ನುವ ಲಿಬರ್ಟೇರಿಯನ್ ಆದವನು ಸ್ವೀಡನ್, ಡೆನ್ಮಾರ್ಕ್‌ಗಳಂಥ ಕಲ್ಯಾಣ ರಾಜ್ಯಗಳನ್ನು ವಿರೋಧಿಸಲೇಬೇಕೇ?

ಒಪ್ಪಿದರೆ ತತ್ವಕ್ಕೆ ದ್ರೋಹ, ವಿರೋಧಿಸಿದರೆ ಆ ದೇಶಗಳ ಸಿರಿವಂತಿಕೆಗೆ ಉತ್ತರವಿಲ್ಲ ಎಂದು ಬರೆದಿದ್ದೀರಿ. ಈ ಇಕ್ಕಟ್ಟು ನನಗೆ ಚೆನ್ನಾಗಿ ಗೊತ್ತು. ನಾನು ವಿರೋಧದ ದಾರಿ ಹಿಡಿದೆ, ಅದೂ ಕಾಲೇಜು ಚರ್ಚಾಸ್ಪರ್ಧೆಯ ತುಂಬಿದ ಸಭೆಯಲ್ಲಿ.

ಸ್ವೀಡನ್ ಸಮಾಜವಾದಿ ದೇಶ, ಅಲ್ಲಿ ಸರ್ಕಾರ ಮಾರುಕಟ್ಟೆಯ ಕತ್ತು ಹಿಸುಕಿದೆ ಎಂದು ಅಬ್ಬರಿಸಿದೆ. ಎದುರಾಳಿ ತಣ್ಣಗೆ ಕೇಳಿದಳು: "ಅಲ್ಲಿ ಕಾನೂನು ನಿಗದಿಪಡಿಸಿರುವ ಕನಿಷ್ಠ ವೇತನ ಎಷ್ಟು?" ಬಾಯಿಗೆ ಬಂದ ಒಂದು ಅಂಕಿಯನ್ನು ಹೇಳಿಬಿಟ್ಟೆ. ಅಂಥ ಕಾನೂನೇ ಅಲ್ಲಿಲ್ಲ! ಕಾರ್ಮಿಕ ಸಂಘಗಳೂ ಮಾಲೀಕರ ಸಂಘಗಳೂ ಕುಳಿತು ವೇತನವನ್ನು ಒಪ್ಪಂದದಲ್ಲಿ ತೀರ್ಮಾನಿಸಿಕೊಳ್ಳುತ್ತವೆ. ಅವಳು ಅಷ್ಟಕ್ಕೇ ಬಿಡಲಿಲ್ಲ. 1992ರಲ್ಲಿ ಶಾಲಾ ವೋಚರ್ (ಪೋಷಕರು ಆರಿಸಿದ ಖಾಸಗಿ ಶಾಲೆಗೂ ಸರ್ಕಾರದ ಹಣ) ತಂದದ್ದು, 2004ರಲ್ಲಿ ಎಡಪಂಥೀಯ ಸೋಷಿಯಲ್ ಡೆಮಾಕ್ರಟ್ ಸರ್ಕಾರವೇ ಉತ್ತರಾಧಿಕಾರ ತೆರಿಗೆಯನ್ನು ಕಿತ್ತುಹಾಕಿದ್ದು, 2007ರಲ್ಲಿ ಸಂಪತ್ತಿನ ತೆರಿಗೆ ಹೋದದ್ದು, ಎಲ್ಲವನ್ನೂ ಎಣಿಸಿದಳು. ಸ್ಪರ್ಧೆ ಸೋತೆವು. ತಂಡದಲ್ಲಿ ನನ್ನ ಜಾಗವೂ ಹೋಯಿತು.

ಅಂಕಿ ತಪ್ಪಿದ್ದು ದೊಡ್ಡದಲ್ಲ. ತೆರಿಗೆಯ ಪ್ರಮಾಣ ಒಂದನ್ನೇ ನೋಡಿ ಸರ್ಕಾರವನ್ನು ಅಳೆದದ್ದು ನನ್ನನ್ನು ಮುಳುಗಿಸಿತು. ಸರ್ಕಾರ ಎಷ್ಟು ವಸೂಲು ಮಾಡಿ ಹಂಚುತ್ತದೆ ಎಂಬುದು ಒಂದು ವಿಷಯ. ಯಾರು ಯಾರೊಂದಿಗೆ ಯಾವ ಷರತ್ತಿನ ಮೇಲೆ ವ್ಯವಹರಿಸಬೇಕೆಂದು ಅದು ಎಷ್ಟು ಆದೇಶಿಸುತ್ತದೆ ಎಂಬುದು ಬೇರೆಯೇ ವಿಷಯ. ಡೆನ್ಮಾರ್ಕ್ ನೋಡಿ: ನೌಕರನನ್ನು ಕೆಲಸದಿಂದ ತೆಗೆಯುವುದು ಮಾಲೀಕನಿಗೆ ಅಷ್ಟೇನೂ ಕಷ್ಟವಲ್ಲ, ಕೆಲಸ ಕಳೆದುಕೊಂಡವನಿಗೆ ಭತ್ಯೆಯೂ ಮರುತರಬೇತಿಯೂ ಸಿಗುತ್ತವೆ. ವಸೂಲಿ-ಹಂಚಿಕೆಯಲ್ಲಿ ಭಾರ, ಆದೇಶದಲ್ಲಿ ಸಡಿಲ. ಇವೆರಡನ್ನೂ ಒಂದೇ ಮೂಟೆಗೆ ಕಟ್ಟಿದ ನಾನು, ನಾನೇ ಹೊಗಳಬೇಕಾದದ್ದನ್ನು ಬೈದು ಕುಳಿತಿದ್ದೆ. ಹಣ ಬರುವುದೂ ಬರೀ ಶ್ರೀಮಂತರಿಂದಲ್ಲ. ಎರಡೂ ದೇಶಗಳಲ್ಲಿ ಖರೀದಿಯ ಮೇಲೆ ಬೀಳುವ ಶೇ 25ರ ಮೌಲ್ಯವರ್ಧಿತ ತೆರಿಗೆ ಬಡವನ ಜೇಬನ್ನೂ ಮುಟ್ಟುತ್ತದೆ. ಈ ಸಂಗತಿಯನ್ನು ಎಡಪಂಥೀಯ ಗೆಳೆಯರೂ ಹೇಳುವುದಿಲ್ಲ ಬಿಡಿ.

ಇನ್ನು ನಿಮ್ಮ "ವಿರೋಧಿಸಲೇಬೇಕೇ". ಅದನ್ನು ವಿಧಿಸಿದವರು ಯಾರು? ಬಡವರಿಗೆ ಕನಿಷ್ಠ ಆದಾಯದ ಖಾತರಿ ಇರಲಿ ಎಂದು ಮುಕ್ತ ಮಾರುಕಟ್ಟೆಯ ಪರ ವಾದಿಸಿದ ಅರ್ಥಶಾಸ್ತ್ರಜ್ಞ ಹಾಯೆಕ್ ಒಪ್ಪಿದ್ದರು. ಅದೇ ಪಂಥದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1962ರಲ್ಲಿ ಋಣಾತ್ಮಕ ಆದಾಯ ತೆರಿಗೆಯನ್ನು, ಅಂದರೆ ಕಡಿಮೆ ಗಳಿಸುವವನಿಗೆ ಸರ್ಕಾರವೇ ಹಣ ಕೊಡುವುದನ್ನು, ಪ್ರತಿಪಾದಿಸಿದರು. ದುಡಿಮೆಯ ಗಳಿಕೆಯ ಮೇಲಿನ ತೆರಿಗೆ ಬಲವಂತದ ದುಡಿಮೆಗೆ ಸಮ ಎಂದು 1974ರಲ್ಲಿ ವಾದಿಸಿದ ತತ್ವಶಾಸ್ತ್ರಜ್ಞ ನೋಜಿಕ್ ಕೂಡ ಲಿಬರ್ಟೇರಿಯನ್ ಬಳಗದವರೇ. ನೀವು ನೋಜಿಕ್ ಕಡೆಯವರಾದರೆ ಸ್ವೀಡನ್ನಿನ ಸಿರಿ ನಿಮ್ಮನ್ನು ಕಾಡಬೇಕಾಗಿಯೇ ಇಲ್ಲ. ನಿಮ್ಮ ಆಕ್ಷೇಪ ನೈತಿಕವಾದದ್ದು. ಹಾಗಿರುವಾಗ ಜಿಡಿಪಿ ಹಿಡಿದುಕೊಂಡು ಜಗಳಕ್ಕೆ ಹೋಗಬೇಡಿ.

ಜಗಳ ಬೇಕೇ ಬೇಕೆಂದರೆ 1976ರ ಸ್ವೀಡನ್ನನ್ನು ಹಿಡಿಯಿರಿ. ಲೇಖಕಿ ಆಸ್ಟ್ರಿಡ್ ಲಿಂಡ್‌ಗ್ರೆನ್ ತನ್ನ ಹೆಚ್ಚುವರಿ ಗಳಿಕೆಯ ಮೇಲೆ ಶೇ 102ರಷ್ಟು ತೆರಿಗೆ ಬೀಳುತ್ತಿದೆ ಎಂದು ಬಹಿರಂಗವಾಗಿ ಲೇವಡಿ ಮಾಡಿದ ವರ್ಷ ಅದು. ದಶಕಗಳಿಂದ ಆಳುತ್ತಿದ್ದ ಸೋಷಿಯಲ್ ಡೆಮಾಕ್ರಟರು ಅದೇ ವರ್ಷದ ಚುನಾವಣೆಯಲ್ಲಿ ಅಧಿಕಾರ ಕಳೆದುಕೊಂಡರು. ಲಿಂಡ್‌ಗ್ರೆನ್ ಸ್ವತಃ ಅದೇ ಪಕ್ಷದ ಬೆಂಬಲಿಗರಾಗಿದ್ದರು.