ಜಾಮೀನು ಸಿಕ್ಕಿದರೂ ಜೈಲಲ್ಲೇ ಏಕೆ?

ಪ್ರಶ್ನೆ: ನಮ್ಮ ಕುಟುಂಬದ ಟ್ರಸ್ಟ್ ವರ್ಷಕ್ಕೆ ಹತ್ತು ಲಕ್ಷ ರೂಪಾಯಿ ದಾನಕ್ಕೆ ಎತ್ತಿಡುತ್ತದೆ. ಪರಪ್ಪನ ಅಗ್ರಹಾರದ ಬಡ ವಿಚಾರಣಾಧೀನ ಕೈದಿಗಳ ಜಾಮೀನು ಹಣ ಕಟ್ಟಿದರೆ ಹೇಗೆ?
– ಓದುಗರು, ಜಯನಗರ

ಉತ್ತರ: ಮೊದಲ ಹೆಜ್ಜೆ ಅದಾಗುವುದು ಬೇಡ. ಜಾಮೀನು ಎಂದರೆ ಸಾಮಾನ್ಯವಾಗಿ ನಗದು ಕಟ್ಟುವುದಲ್ಲ, ಬಾಂಡ್ ಬರೆದು ಶ್ಯೂರಿಟಿ, ಅಂದರೆ ಆರೋಪಿ ಕೋರ್ಟಿಗೆ ಬರುತ್ತಾನೆಂದು ಹೊಣೆ ನಿಲ್ಲುವವರನ್ನು, ಕೊಡುವುದು. ರಾಯಚೂರಿನಿಂದಲೋ ಒಡಿಶಾದಿಂದಲೋ ಕೂಲಿಗೆ ಬಂದವರಿಗೆ ಪಹಣಿ ಹಿಡಿದು ಕೋರ್ಟಿನಲ್ಲಿ ನಿಲ್ಲುವ ನೆಂಟರು ಬೆಂಗಳೂರಿನಲ್ಲಿ ಎಲ್ಲಿ ಸಿಗಬೇಕು? ಸಿಕ್ಕರೂ ಪಹಣಿಯಲ್ಲಿ ‘ಮುನಿಯಪ್ಪ’, ಆಧಾರ್‌ನಲ್ಲಿ ‘ಮುನಿಯಪ್ಪ ಎಂ.’ ಎಂದಿದ್ದರೆ ಶ್ಯೂರಿಟಿ ಬಿದ್ದುಹೋಗಬಹುದು. ಬಂದವರ ದಿನದ ಕೂಲಿಯೂ ಹೋಯಿತು. ನಕಲಿ ಶ್ಯೂರಿಟಿ ದಂಧೆ ಬೆಳೆಯುವುದು ಈ ಸಂದಿಯಲ್ಲೇ. ದುಡ್ಡು ಹಿಡಿದು ಬಂದ ಟ್ರಸ್ಟನ್ನು ದಲ್ಲಾಳಿಗಳು ಸುಮ್ಮನೆ ಬಿಡುವುದಿಲ್ಲ.

ಹಣ ಬೇಕಿರುವುದು ಪ್ರಕರಣದ ಬೆನ್ನು ಹತ್ತುವವರ ಸಂಬಳಕ್ಕೆ. ಜಾಮೀನು ಸಿಕ್ಕ 7 ದಿನದೊಳಗೆ ಬಿಡುಗಡೆಯಾಗದಿದ್ದರೆ ಜೈಲು ಅಧೀಕ್ಷಕರು ಬಡವರಿಗೆ ಉಚಿತ ಕಾನೂನು ನೆರವು ಕೊಡುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು, ಒಂದು ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಷರತ್ತು ಸಡಿಲಿಸುವುದನ್ನು ನ್ಯಾಯಾಲಯವೇ ಪರಿಶೀಲಿಸಬಹುದು ಎಂದು ಸುಪ್ರೀಂ ಕೋರ್ಟ್ 2023ರ ಜನವರಿ 31ರಂದು ಹೇಳಿದೆ. ಕ್ರಿಮಿನಲ್ ಕೇಸು ನಡೆಸುವ ವಿಧಾನದ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮೂ ಇದೆ. ಮರಣದಂಡನೆ ಅಥವಾ ಜೀವಾವಧಿಯ ಅಪರಾಧವಲ್ಲದಿದ್ದರೆ, ಹಿಂದೆ ಶಿಕ್ಷೆಯಾಗಿರದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಕಳೆದ ಮೇಲೆ ಬಿಡುಗಡೆ ಕೇಳಬಹುದು. 3 ವರ್ಷ ಶಿಕ್ಷೆಯ ಕಳವು ಪ್ರಕರಣದಲ್ಲಿ ಅದು 1 ವರ್ಷ. ಉಳಿದವರಿಗೆ ಅರ್ಧ. ಆದರೆ ಇನ್ನೊಂದು ಕೇಸು ಬಾಕಿಯಿದ್ದರೆ ಈ ಕಲಮಿನ ಲಾಭವಿಲ್ಲ. ಹಾಗಾಗಿ ಕೈದಿಯ ಎಲ್ಲ ಕೇಸು ನಂಬರುಗಳನ್ನೂ ಮೊದಲು ಕಲೆಹಾಕಬೇಕು. ಈ ದಿನಗಳ ಲೆಕ್ಕ ಹಾಕುವವರಿಲ್ಲದೆ ಎಷ್ಟೋ ಜನ ಒಳಗೇ ಉಳಿಯುತ್ತಾರೆ.

ಪ್ರಾಧಿಕಾರದ ಜೊತೆ ಕೆಲಸ ಮಾಡುವ ಸಂಸ್ಥೆಯೊಂದಕ್ಕೆ ಒಬ್ಬ ವಕೀಲರು, ಇಬ್ಬರು ಕಾರ್ಯಕರ್ತರ ಸಂಬಳವನ್ನು 3 ವರ್ಷಕ್ಕೆ ಖಾತರಿಪಡಿಸಿ. ಒಂದೇ ವರ್ಷದ ಅನುದಾನ ಜೈಲು, ಕೋರ್ಟ್ ಸಿಬ್ಬಂದಿಯ ಪರಿಚಯವಾಗುವಷ್ಟರಲ್ಲೇ ಮುಗಿಯುತ್ತದೆ. ‘ಎಷ್ಟು ಜನರನ್ನು ಬಿಡಿಸಿದಿರಿ’ ಎಂದು ಮಾತ್ರ ಕೇಳಬೇಡಿ. ಕೇಳಿದರೆ ಸುಲಭದ ಕೇಸುಗಳನ್ನೇ ಆರಿಸುತ್ತಾರೆ. ಜಾಮೀನು ಆದೇಶಕ್ಕೂ ಬಿಡುಗಡೆಗೂ ನಡುವೆ ಎಷ್ಟು ದಿನ ಹಿಡಿಯಿತು ಎಂದು ಕೇಳಿ.

ಪ್ರಶ್ನೆ: ನಗದು ಕಟ್ಟಲೇಬೇಕಾಗಿ ಬಂದರೆ?

ಉತ್ತರ: ಬಡ ಕೈದಿಗಳಿಗೆ ಕೇಂದ್ರ ಸರ್ಕಾರ 2023ರಲ್ಲಿ ತಂದ ನೆರವಿನ ಯೋಜನೆಗೆ ಮೊದಲು ಅರ್ಜಿ ಹಾಕಿಸಿ. ಅದು ಆಗದಿದ್ದರೆ, ಕೋರ್ಟ್ ನಗದು ಭದ್ರತೆಗೆ ಒಪ್ಪಿದಾಗ ಮಾತ್ರ ಕಟ್ಟಿ, ರಸೀದಿ ಜೋಪಾನ ಮಾಡಿ. ಕೇಸು ಮುಗಿದ ಮೇಲೆ ಠೇವಣಿ ವಾಪಸಿಗೆ ಅರ್ಜಿ ಹಾಕಬೇಕು. ಆರೋಪಿ ವಾಯಿದೆ ತಪ್ಪಿಸಿದರೆ ಹಣ ಮುಟ್ಟುಗೋಲಾಗಬಹುದು. ಆದ್ದರಿಂದ ವಾಯಿದೆಯ ಹಿಂದಿನ ಸಂಜೆ ಒಂದು ಫೋನ್, ಕೋರ್ಟಿಗೆ ಬರಲು ಬಸ್ ಚಾರ್ಜು, ಇವೆರಡಕ್ಕೂ ಬಜೆಟ್‌ನಲ್ಲಿ ಹಣವಿಡಿ.