ಅರ್ಥ ಗೊತ್ತು, ಬಾಯಿಗೆ ಬರುತ್ತಿಲ್ಲ

ಇಂಗ್ಲಿಷ್ ಕಲಿಕೆಯ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಕೋಲಾರದ ನಿವೃತ್ತ ಇಂಗ್ಲಿಷ್ ಉಪನ್ಯಾಸಕಿಯೊಬ್ಬರ ಉತ್ತರ

ಪ್ರಶ್ನೆ: ಮೇಡಂ, ನಾನು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಬಿ.ಕಾಂ. ನರಸಾಪುರ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಕೆಲಸ. ಮೇಲಿನವರು ಕಳಿಸುವ ಇಮೇಲ್ ಓದಿದರೆ ಅರ್ಥವಾಗುತ್ತದೆ. ಉತ್ತರ ಬರೆಯಲು ಕೂತರೆ ಗಿವ್, ಟೇಕ್, ಗುಡ್, ಪ್ರಾಬ್ಲಂ ಇಷ್ಟರಲ್ಲೇ ಸುತ್ತುತ್ತೇನೆ. ದಿನಕ್ಕೆ ಹತ್ತು ಪದದಂತೆ ಪುಸ್ತಕ ಇಟ್ಟುಕೊಂಡು ಬಾಯಿಪಾಠ ಮಾಡಿದೆ, ಮೂರು ತಿಂಗಳಲ್ಲಿ ಎಲ್ಲಾ ಮರೆತುಹೋಯಿತು. ಐದು ಸಾವಿರ ಪದ ಕಲಿಯುವ ದಾರಿ ಹೇಳಿ.
– ಒಬ್ಬ ಓದುಗ, ಕೋಲಾರ ತಾಲ್ಲೂಕು

ಉತ್ತರ: ಐದು ಸಾವಿರದ ಲೆಕ್ಕವನ್ನು ಸದ್ಯಕ್ಕೆ ಬಿಡಿ. ಆಫೀಸಿನ ಇಮೇಲ್ ಓದಿ ಅರ್ಥ ಮಾಡಿಕೊಳ್ಳುತ್ತೀರಿ ಎಂದರೆ ನಿಮ್ಮ ತಲೆಯಲ್ಲಿ ಆಗಲೇ ಎರಡು ಮೂರು ಸಾವಿರ ಪದಗಳಿವೆ. ಕಂಡರೆ ಗುರುತು ಸಿಗುವ ಪದ ಬೇರೆ, ಬೇಕೆಂದಾಗ ಬಾಯಿಗೆ ಬರುವ ಪದ ಬೇರೆ. ಮೊದಲನೆಯದು ನಿಮ್ಮಲ್ಲಿ ಸಾಕಷ್ಟಿದೆ, ಎರಡನೆಯದು ಕಡಿಮೆ. ಇನ್ನೊಂದು ಪಟ್ಟಿ ತಂದು ಉರುಹೊಡೆದರೆ ಗುರುತು ಸಿಗುವ ಪದಗಳೇ ಇನ್ನಷ್ಟು ಆಗುತ್ತವೆ, ಇಮೇಲ್ ಮಾತ್ರ ಹಾಗೇ ಉಳಿಯುತ್ತದೆ.

ನೀವು ನಿಂತಿರುವ ಈ ಮಧ್ಯದ ಮೆಟ್ಟಿಲಲ್ಲಿ ಬಹಳ ಜನ ನಿಲ್ಲುತ್ತಾರೆ. ದಡ್ಡರು ಅಂತ ತಮ್ಮನ್ನು ತಾವೇ ಬೈದುಕೊಳ್ಳುತ್ತಾರೆ. ಅದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ, ಏಕೆಂದರೆ ಕಾರಣ ಅವರಲ್ಲಿಲ್ಲ. ಮೈಕಲ್ ವೆಸ್ಟ್ ಎಂಬ ಮೇಷ್ಟ್ರು ಹಿಂದೆ ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದವರು, ಬಂಗಾಳದ ಮಕ್ಕಳು ಇಂಗ್ಲಿಷ್ ಓದಲು ಕಷ್ಟಪಡುವುದನ್ನು ಹತ್ತಿರದಿಂದ ಕಂಡವರು. ಅವರು 1953ರಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವ ಸುಮಾರು 2,000 ಪದಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಯಾವುದೇ ಸಾಮಾನ್ಯ ಬರಹ ತೆಗೆದುಕೊಂಡರೂ ನೂರು ಪದಗಳಲ್ಲಿ ಹೆಚ್ಚುಕಡಿಮೆ ಎಂಬತ್ತು ಇಂಥ ಎರಡು ಸಾವಿರದೊಳಗೇ ಇರುತ್ತವೆ. ಹಾಗಾಗಿ ಅವು ಪುಟಪುಟಕ್ಕೂ ಎದುರಾಗಿ, ನಾವು ಪ್ರಯತ್ನಪಡದಿದ್ದರೂ ನೆನಪಿನಲ್ಲಿ ಕೂತುಬಿಡುತ್ತವೆ. ಕಷ್ಟ ಶುರುವಾಗುವುದು ಅದರಾಚೆಗೆ. ಕಾದಂಬರಿಯನ್ನೋ ದಿನಪತ್ರಿಕೆಯನ್ನೋ ಯಾರ ನೆರವೂ ಇಲ್ಲದೆ ಓದಲು 8,000ದಿಂದ 9,000 ಪದಕುಟುಂಬಗಳು ಬೇಕೆಂದು ನ್ಯೂಜಿಲೆಂಡಿನ ಭಾಷಾತಜ್ಞ ಪಾಲ್ ನೇಷನ್ 2006ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಹೆಲ್ಪ್, ಹೆಲ್ಪ್‌ಫುಲ್, ಹೆಲ್ಪ್‌ಲೆಸ್ ಮೂರೂ ಸೇರಿ ಒಂದು ಕುಟುಂಬ ಎಂದು ಎಣಿಸಿದರೂ ಅಷ್ಟು. ನಾಲ್ಕನೇ ಸಾವಿರದ, ಐದನೇ ಸಾವಿರದ ಪದವೊಂದನ್ನು ಇವತ್ತು ಕಲಿತರೆ ಮತ್ತೆ ಅದು ಕಣ್ಣಿಗೆ ಬೀಳುವ ಹೊತ್ತಿಗೆ ವಾರಗಳೇ ಕಳೆದಿರಬಹುದು. ಅಷ್ಟರಲ್ಲಿ ಮರೆತಿರುತ್ತೀರಿ. ಮೂರು ತಿಂಗಳಲ್ಲಿ ನಿಮಗೆ ಆದದ್ದು ಇದೇ.

ಇದಕ್ಕೆ ನಾನು ನಂಬಿರುವ ಮದ್ದು ಒಂದೇ. ಎಲ್ಲವನ್ನೂ ಓದಬೇಡಿ. ಒಂದೇ ವಿಷಯವನ್ನು ಹಿಡಿದು ಓದಿ. ಒಂದು ವಿಷಯದೊಳಗೆ ಅದದೇ ಪದಗಳು ಮರಳಿ ಮರಳಿ ಬರುತ್ತವೆ, ಅಪರೂಪದ ಪದವೂ ಅಲ್ಲಿ ನಿತ್ಯದ ಪದವಾಗುತ್ತದೆ. ನಿಮಗೆ ಆ ವಿಷಯವನ್ನು ಹುಡುಕುವ ಕಷ್ಟವೂ ಇಲ್ಲ, ಸ್ಟೋರ್ಸ್ ಇದೆ. ಕಳೆದ ಒಂದು ತಿಂಗಳ ಇಮೇಲ್‌ಗಳನ್ನು ತೆರೆಯಿರಿ. ಚೆನ್ನಾಗಿ ಬರೆಯುವ ಒಬ್ಬರನ್ನು ಆರಿಸಿಕೊಳ್ಳಿ. ಅವರ ವಾಕ್ಯಗಳಲ್ಲಿ ನಿಮಗೆ ಅರ್ಥವಾಗುವ, ಆದರೆ ನೀವು ಯಾವತ್ತೂ ಬರೆಯದ ತುಣುಕುಗಳನ್ನು ಒಂದು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ. ಬಿಡಿ ಪದ ಬೇಡ, ತುಣುಕು. ಶಾರ್ಟೇಜ್ ಅಂತ ಬರೆದುಕೊಂಡರೆ ಏನೂ ಉಪಯೋಗವಿಲ್ಲ. 'ವಿ ಆರ್ ರನ್ನಿಂಗ್ ಶಾರ್ಟ್ ಆಫ್' ಎಂದು ಬರೆದುಕೊಂಡರೆ ನಾಳೆ ಬೆಳಿಗ್ಗೆಯೇ ಅದರ ಮುಂದೆ ಬೋಲ್ಟ್, ಲೇಬಲ್, ಪ್ಯಾಕಿಂಗ್ ಟೇಪ್ ಏನು ಬೇಕಾದರೂ ಸೇರಿಸಿ ಕಳಿಸಬಹುದು. 'ಪ್ಲೇಸ್ ಆನ್ ಆರ್ಡರ್', 'ಮೀಟ್ ದ ಡೆಡ್‌ಲೈನ್', 'ಆಸ್ ಪರ್ ದ ರಿವೈಸ್ಡ್ ಶೆಡ್ಯೂಲ್' ಇಂಥವು.

ತುಣುಕೇ ಏಕೆ ಅಂದರೆ, ಯಾವ ಭಾಷೆಯಲ್ಲೂ ಪದ ಒಂಟಿಯಾಗಿ ಬದುಕುವುದಿಲ್ಲ. ನಾವು ದೀಪ ಹಚ್ಚುತ್ತೇವೆ, ಹಾಲಿಗೆ ಹೆಪ್ಪು ಹಾಕುತ್ತೇವೆ, ಜಡೆ ಹೆಣೆಯುತ್ತೇವೆ. ದೀಪ ಹೆಣೆಯುತ್ತೇನೆ ಎಂದು ಯಾವ ಮಗುವೂ ಹೇಳುವುದಿಲ್ಲ, ಜೋಡಿಯಲ್ಲೇ ಕೇಳಿ ಜೋಡಿಯಲ್ಲೇ ಕಲಿತಿರುತ್ತದೆ. ಇಂಗ್ಲಿಷಿನಲ್ಲಿ ಮಳೆ ಹೆವಿ, ಕಾಫಿ ಸ್ಟ್ರಾಂಗ್. ಹೀಗೇಕೆ ಎಂದು ಕೇಳಿದರೆ ಉತ್ತರವಿಲ್ಲ, ಜೊತೆಯಲ್ಲೇ ಕಲಿಯಬೇಕು.

ಬರೆದುಕೊಂಡ ತುಣುಕನ್ನು ಆ ವಾರದೊಳಗೆ ನಿಜವಾದ ಒಂದು ಇಮೇಲ್‌ನಲ್ಲಿ ಬಳಸಲೇಬೇಕು. ವಾರಕ್ಕೆ ಐದು ಸಾಕು. ಇದನ್ನು ಕೇಳಿ ಇಷ್ಟೇನಾ ಅನ್ನಿಸಬಹುದು. ಬಳಸಿದ ಐದು ನಿಮ್ಮದಾಗುತ್ತವೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲಸಕ್ಕೆ ಸೇರಿದ ಮೇಲೆ ಇಂಗ್ಲಿಷ್ ಸುಧಾರಿಸಿಕೊಂಡವರೆಲ್ಲ ಹೆಚ್ಚುಕಡಿಮೆ ಈ ದಾರಿಯಲ್ಲೇ ಹೋದವರು.

ಪ್ರಶ್ನೆ: ನಮ್ಮ ಮನೆಮಾತು ತೆಲುಗು, ಓದಿದ್ದು ಕನ್ನಡ, ಮದುವೆಯಾಗಿ ಕೆಲವು ವರ್ಷ ಕೆಜಿಎಫ್‌ನಲ್ಲಿದ್ದಾಗ ತಮಿಳು ಬಂತು. ಈಗ ಇಂಗ್ಲಿಷ್ ಓದುತ್ತೇನೆ, ಮಾತಾಡಲು ಹೋದರೆ ಪದ ಸಿಗುವುದಿಲ್ಲ. ಮೂರು ಭಾಷೆ ಕಲಸಿಕೊಂಡಿರುವುದರಿಂದ ನಾಲ್ಕನೆಯದಕ್ಕೆ ಜಾಗ ಇಲ್ಲ ಅಂತ ನಮ್ಮ ಮನೆಯವರು ಹೇಳುತ್ತಾರೆ. ನಿಜವೇ ಮೇಡಂ?
– ಓದುಗಿ, ಮುಳಬಾಗಿಲು

ಉತ್ತರ: ನಿಜವಲ್ಲಮ್ಮ. ನಿಮ್ಮ ಮನೆಯವರಿಗೆ ಈ ಉತ್ತರವನ್ನು ಗಟ್ಟಿಯಾಗಿ ಓದಿ ಹೇಳಿ. ತಲೆಯಲ್ಲಿ ಭಾಷೆಗೆಂದು ಅಳತೆ ಮಾಡಿಟ್ಟ ಜಾಗ ಇರುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಆಂಧ್ರದ ಗಡಿ ಒಂದು ಕಡೆ, ತಮಿಳುನಾಡಿನ ಗಡಿ ಇನ್ನೊಂದು ಕಡೆ. ಮನೆಯಲ್ಲಿ ಒಂದು, ಶಾಲೆಯಲ್ಲಿ ಒಂದು, ಸಂತೆಯಲ್ಲಿ ಮತ್ತೊಂದು ಮಾತಾಡುವ ಮಕ್ಕಳಿಗೆ ನಾನು ಇಡೀ ಉದ್ಯೋಗದುದ್ದಕ್ಕೂ ಪಾಠ ಮಾಡಿದ್ದೇನೆ. ಅವರಿಗೆ ಒಂದು ದೊಡ್ಡ ಅನುಕೂಲವಿದೆ: ಒಂದು ಪದ ಗೊತ್ತಿಲ್ಲದಿದ್ದರೆ ಸುತ್ತುಬಳಸಿ ಹೇಳುವ ಧೈರ್ಯ. ಕೆಜಿಎಫ್‌ನಲ್ಲಿ ನಿಮಗೆ ಸೌಟಿಗೆ ತಮಿಳಿನಲ್ಲಿ ಏನೆನ್ನುತ್ತಾರೆಂದು ಗೊತ್ತಿಲ್ಲದಾಗ 'ಸಾಂಬಾರ್ ಬಡಿಸುವುದು' ಅಂತ ಕೈಸನ್ನೆ ಮಾಡಿಯಾದರೂ ಕೇಳಿರುತ್ತೀರಿ. ಆ ಪಕ್ಕದ ಮನೆಯಾಕೆ ಪದ ಹೇಳಿಕೊಟ್ಟಿರುತ್ತಾಳೆ, ಮಾರನೆಯ ದಿನ ಮತ್ತೆ ಅದೇ ಪದ ಕಿವಿಗೆ ಬಿದ್ದಿರುತ್ತದೆ.

ಇಂಗ್ಲಿಷಿನಲ್ಲಿ ಮಾತ್ರ ನೀವು ಸರಿಯಾದ ಪದ ಸಿಗುವವರೆಗೂ ಬಾಯಿ ತೆರೆಯದೆ ಕಾಯುತ್ತಿದ್ದೀರಿ ಅನ್ನಿಸುತ್ತದೆ. ಕಾಯಬೇಡಿ. 'ದ ಥಿಂಗ್ ಯು ಯೂಸ್ ಟು…' ಎಂದು ಶುರು ಮಾಡುವುದನ್ನು ಅಭ್ಯಾಸ ಮಾಡಿ. ಸೌಟಿಗೆ ಲೇಡಲ್ ಎಂಬ ಪದ ನೆನಪಾಗದಿದ್ದರೆ 'ದ ಬಿಗ್ ಸ್ಪೂನ್ ಫಾರ್ ಸಾಂಬಾರ್' ಅನ್ನಿ. ಎದುರಿನವರು ಲೇಡಲ್ ಅಂದಕೂಡಲೇ ನೀವೂ ಒಂದು ಸಲ ಗಟ್ಟಿಯಾಗಿ ಹೇಳಿ. ಬೇಕಾದಾಗ ಸಿಕ್ಕಿದ ಪದ ಸುಲಭವಾಗಿ ಹೋಗುವುದಿಲ್ಲ. ಮಾತಾಡಲು ಜೊತೆ ಇಲ್ಲ ಅಂದರೆ, ಅಡುಗೆಮನೆಯಲ್ಲಿ ಆ ಹೊತ್ತು ಮಾಡುತ್ತಿರುವ ಕೆಲಸವನ್ನೇ ಇಂಗ್ಲಿಷಿನಲ್ಲಿ ನಿಮಗೆ ನೀವೇ ಹೇಳಿಕೊಳ್ಳಿ. ಎಲ್ಲಿ ತಡವರಿಸುತ್ತೀರೋ ಆ ಪದವೇ ನೀವು ಇವತ್ತು ಕಲಿಯಬೇಕಾದದ್ದು. ಅದನ್ನು ಯಾವ ಪುಸ್ತಕದ ಪಟ್ಟಿಯೂ ನಿಮಗೆ ಹೇಳಲಾರದು.

ಪ್ರಶ್ನೆ: ಇಂಗ್ಲಿಷ್–ಕನ್ನಡ ನಿಘಂಟು ನೋಡಬೇಡ, ಇಂಗ್ಲಿಷ್–ಇಂಗ್ಲಿಷ್ ಮಾತ್ರ ನೋಡು ಎಂದು ಕೋಚಿಂಗ್‌ನಲ್ಲಿ ಹೇಳುತ್ತಾರೆ. ನೋಡಿದರೆ ಒಂದು ಪದದ ಅರ್ಥದಲ್ಲಿ ಗೊತ್ತಿಲ್ಲದ ಇನ್ನೆರಡು ಪದ ಬರುತ್ತವೆ.
– ಪದವಿ ವಿದ್ಯಾರ್ಥಿನಿ, ಶಿಡ್ಲಘಟ್ಟ

ಉತ್ತರ: ಎರಡೂ ನೋಡು ಮಗಳೇ. ಅರ್ಥ ತಕ್ಷಣ ತಿಳಿಯಲು ಕನ್ನಡದಷ್ಟು ನೇರವಾದದ್ದು ನಿನಗೆ ಬೇರಿಲ್ಲ, ಅದನ್ನು ಬಿಟ್ಟುಕೊಡಬೇಡ. ಆದರೆ ಆ ಪದವನ್ನು ಬಳಸುವುದು ಹೇಗೆಂದು ತಿಳಿಯಲು ಇಂಗ್ಲಿಷ್ ನಿಘಂಟು ಬೇಕು, ಅದೂ ಕಲಿಯುವವರಿಗೆಂದೇ ಮಾಡಿದ್ದು. ನಿನ್ನ ಹತ್ತಿರ ಇರುವುದು ಇಂಗ್ಲಿಷ್ ಮನೆಮಾತಾಗಿರುವವರಿಗೆ ಬರೆದ ನಿಘಂಟು ಇರಬೇಕು, ಅದಕ್ಕೇ ಒಂದು ಪದದ ಹಿಂದೆ ಇನ್ನೆರಡು ಬರುತ್ತಿವೆ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ.ಎಸ್. ಹಾರ್ನ್‌ಬಿ ಮತ್ತು ಜೊತೆಗಾರರು ಕಲಿಯುವವರಿಗಾಗಿಯೇ ಮಾಡಿದ ನಿಘಂಟು 1942ರಲ್ಲಿ ಟೋಕಿಯೊದಲ್ಲಿ ಅಚ್ಚಾಯಿತು. ಇಂದಿನ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ ಅದರ ಮುಂದುವರಿಕೆ. 1978ರ ಲಾಂಗ್‌ಮನ್ ನಿಘಂಟು ಎಲ್ಲ ಅರ್ಥಗಳನ್ನೂ ಸುಮಾರು 2,000 ಸುಲಭ ಪದಗಳೊಳಗೇ ವಿವರಿಸಿತು. ಎರಡೂ ಈಗ ಮೊಬೈಲಿನಲ್ಲೇ ಉಚಿತವಾಗಿ ಸಿಗುತ್ತವೆ. ಆಕ್ಸ್‌ಫರ್ಡ್‌ನಲ್ಲಿ ಕೆಲವು ಪದಗಳ ಪಕ್ಕ ಕೀಲಿಕೈ ಗುರುತು ಇರುತ್ತದೆ. ಅವು ಮೊದಲು ಕಲಿಯಬೇಕಾದ ಪದಗಳು. ಗುರುತಿಲ್ಲದ ಪದ ನಿನ್ನ ವಿಷಯಕ್ಕೂ ಸೇರಿದ್ದಲ್ಲದಿದ್ದರೆ ಅರ್ಥ ನೋಡಿ ಮುಂದೆ ಹೋಗು, ಬರೆದುಕೊಳ್ಳಬೇಡ. ಅರ್ಥದ ಕೆಳಗಿರುವ ಉದಾಹರಣೆ ವಾಕ್ಯವನ್ನು ಮಾತ್ರ ಯಾವತ್ತೂ ಬಿಡಬೇಡ.

ಪ್ರಶ್ನೆ: ನಾನು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ವಿದೇಶಕ್ಕೆ ಹೋಗಲು ಇಂಗ್ಲಿಷ್ ಪರೀಕ್ಷೆಗೆ ತಯಾರಿ ನಡೆಸಿದ್ದೇನೆ. ಪಾಳಿ ಮುಗಿಸಿ ಬಂದು ಓದಿದ್ದು ಮರುದಿನಕ್ಕೇ ನೆನಪಿರುವುದಿಲ್ಲ.
– ಗೌರಿಬಿದನೂರು

ಉತ್ತರ: ನೈಟ್ ಡ್ಯೂಟಿ ಮುಗಿಸಿ ಬಂದು ಓದಲು ಕೂರುತ್ತೀರಲ್ಲ ತಾಯಿ, ಅದೇ ದೊಡ್ಡದು. ಮರೆವಿನ ಬಗ್ಗೆ ಮೊದಲು ಹೇಳುತ್ತೇನೆ. ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ 1885ರಲ್ಲೇ ತಮ್ಮ ಮೇಲೆ ತಾವೇ ಪ್ರಯೋಗ ಮಾಡಿ ತೋರಿಸಿದ್ದು ಇದು: ಕಲಿತದ್ದರಲ್ಲಿ ಬಹುಪಾಲು ಮೊದಲ ಒಂದೆರಡು ದಿನದಲ್ಲೇ ಹೋಗುತ್ತದೆ, ಆಮೇಲೆ ಮರೆವು ನಿಧಾನವಾಗುತ್ತದೆ. ಆದ್ದರಿಂದ ಒಂದೇ ರಾತ್ರಿ ಒಂದು ಪದವನ್ನು ಇಪ್ಪತ್ತು ಸಲ ಹೇಳುವುದಕ್ಕಿಂತ ನಾಳೆ ಒಂದು ಸಲ, ಮೂರು ದಿನ ಬಿಟ್ಟು ಒಂದು ಸಲ, ವಾರ ಬಿಟ್ಟು ಒಂದು ಸಲ ನೆನಪಿಸಿಕೊಳ್ಳುವುದು ಮೇಲು. ಸೆಬಾಸ್ಟಿಯನ್ ಲೈಟ್ನರ್ ಎಂಬ ಪತ್ರಕರ್ತರು 1970ರ ದಶಕದಲ್ಲಿ ಇದನ್ನು ಒಂದು ಪೆಟ್ಟಿಗೆಗೆ ಇಳಿಸಿದರು. ಚಪ್ಪಲಿ ಡಬ್ಬಿಯೊಳಗೆ ರಟ್ಟು ಇಟ್ಟು ಐದು ಖಾನೆ ಮಾಡಿ. ಹೊಸ ಕಾರ್ಡೆಲ್ಲ ಮೊದಲನೇ ಖಾನೆಗೆ, ಅದನ್ನು ದಿನವೂ ನೋಡಿ. ಸರಿಯಾಗಿ ಹೇಳಿದ ಕಾರ್ಡು ಮುಂದಿನ ಖಾನೆಗೆ ಹೋಗುತ್ತದೆ, ಮುಂದು ಮುಂದಿನ ಖಾನೆಗಳನ್ನು ಹೆಚ್ಚು ಹೆಚ್ಚು ದಿನ ಬಿಟ್ಟು ನೋಡಿ. ತಪ್ಪಿದರೆ ಕಾರ್ಡು ಮತ್ತೆ ಮೊದಲನೆಯದಕ್ಕೆ. ಕಾರ್ಡಿನ ಒಂದು ಕಡೆ ಪದದ ಜಾಗ ಖಾಲಿ ಬಿಟ್ಟ ವಾಕ್ಯ ಇರಲಿ, ಹಿಂದೆ ಪದ ಇರಲಿ. ಪದವನ್ನು ನೋಡುವ ಮೊದಲು ನೀವೇ ಹೇಳಬೇಕು. ನೋಡಿ ತಲೆಯಾಡಿಸಿದರೆ ಕಲಿತಂತಲ್ಲ.

ಇನ್ನೊಂದು ಎಚ್ಚರಿಕೆ. ಒಂದೇ ಥರದ ಪದಗಳನ್ನು, ವಿರುದ್ಧಪದಗಳನ್ನು ಒಂದೇ ದಿನ ಕಲಿಯಬೇಡಿ. ಬಾರೋ (ಸಾಲ ಪಡೆಯುವುದು), ಲೆಂಡ್ (ಸಾಲ ಕೊಡುವುದು) ಎರಡನ್ನೂ ಒಟ್ಟಿಗೆ ಕಲಿತವರು ವರ್ಷಗಟ್ಟಲೆ ಒಂದರ ಬದಲು ಇನ್ನೊಂದು ಹೇಳುತ್ತಾರೆ. ಒಂದು ಗಟ್ಟಿಯಾಗಲಿ, ಕೆಲವು ವಾರದ ಮೇಲೆ ಎರಡನೆಯದು. ಪುಸ್ತಕಗಳು ಇಂಥ ಪದಗಳನ್ನು ಜೋಡಿಜೋಡಿಯಾಗಿ ಕೊಡುವುದು ನನಗೆ ಯಾವತ್ತೂ ಸರಿ ಕಂಡಿಲ್ಲ.

ನಿಮ್ಮ ಕೈಯಲ್ಲಿ ಬೇರೆಯವರಿಗಿಲ್ಲದ ಒಂದು ಸಂಪತ್ತಿದೆ. ಟಾನ್ಸಿಲೈಟಿಸ್, ಆರ್ಥ್ರೈಟಿಸ್, ಬ್ರಾಂಕೈಟಿಸ್ ದಿನವೂ ಬರೆಯುತ್ತೀರಿ, ಕೊನೆಯ 'ಐಟಿಸ್' ಉರಿಯೂತವನ್ನು ಹೇಳುತ್ತದೆ. 'ಎಕ್ಟಮಿ' ಬಂದರೆ ಕತ್ತರಿಸಿ ತೆಗೆಯುವುದು, 'ಹೈಪರ್' ಹೆಚ್ಚು, 'ಹೈಪೋ' ಕಡಿಮೆ. ಹೀಗೆ ಪದವನ್ನು ಬಿಡಿಸಿ ನೋಡುವ ಕಣ್ಣು ನಿಮಗೆ ನರ್ಸಿಂಗ್ ಓದುವಾಗಲೇ ಬಂದಿದೆ. ಅದನ್ನು ಆಸ್ಪತ್ರೆಯ ಹೊರಗಿನ ಪದಗಳಿಗೂ ತಿರುಗಿಸಿ. 'ಮಿಸ್' ಇದ್ದರೆ ತಪ್ಪಾಗಿ: ಮಿಸ್‌ರೀಡ್, ಮಿಸ್‌ಪ್ಲೇಸ್, ಮಿಸ್‌ಜಡ್ಜ್. ಆದರೆ ರೋಗಿಗಳೊಂದಿಗೆ ಆಡುವ ಮಾತಿಗೆ 'ಐಟಿಸ್', 'ಎಕ್ಟಮಿ'ಯಂಥ ಗ್ರೀಕ್ ಮೂಲದ ಪದಗಳು ಒದಗುವುದಿಲ್ಲ. ಅವರು ಥ್ರೋ ಅಪ್, ಪಾಸ್ ಔಟ್, ಸ್ವೆಲ್ ಅಪ್ ಅನ್ನುತ್ತಾರೆ. ವಾಂತಿಯಾಯಿತು, ಎಚ್ಚರ ತಪ್ಪಿತು, ಊದಿಕೊಂಡಿತು. ಈ ಎರಡು ಮೂರು ಪದದ ಸಣ್ಣ ಕ್ರಿಯಾಪದಗಳಿಗೇ ಬೇರೊಂದು ಡಬ್ಬಿ ಮೀಸಲಿಡಿ. ಅಲ್ಲಿನ ರೋಗಿ ತನ್ನ ನೋವನ್ನು ಹೇಳುವುದು ಇವುಗಳಲ್ಲಿ, ನಿಮಗೆ ಅದು ಮೊದಲ ಸಲಕ್ಕೇ ಅರ್ಥವಾಗಬೇಕು.

ಪ್ರಶ್ನೆ: ಕ್ಯಾಂಪಸ್ ಇಂಟರ್‌ವ್ಯೂಗೆ ದೊಡ್ಡ ದೊಡ್ಡ ಪದಗಳನ್ನು ಕಲಿತರೆ ಒಳ್ಳೆಯ ಅಭಿಪ್ರಾಯ ಬರುತ್ತದೆಯೇ?
– ಎಂಜಿನಿಯರಿಂಗ್ ವಿದ್ಯಾರ್ಥಿ, ತುಮಕೂರು

ಉತ್ತರ: ಬರುವುದಿಲ್ಲ. ನಿನ್ನ ಪ್ರಾಜೆಕ್ಟಿನ ಬಗ್ಗೆ ಅವರು ಕೇಳೇ ಕೇಳುತ್ತಾರೆ, ಅದಕ್ಕೆ ಬೇಕಾದ ಪದಗಳನ್ನು ಕಲಿ. ಭಾಷಾ ಸಂಶೋಧಕಿ ಅವೆರಿಲ್ ಕಾಕ್ಸ್‌ಹೆಡ್ 2000ನೇ ಇಸವಿಯಲ್ಲಿ ಪ್ರಕಟಿಸಿದ ಅಕಾಡೆಮಿಕ್ ವರ್ಡ್ ಲಿಸ್ಟ್ ಎಂಬ ಪದಪಟ್ಟಿಯಲ್ಲಿ 570 ಪದಕುಟುಂಬಗಳಿವೆ. ಅನಲೈಸ್, ರಿಕ್ವೈರ್, ಮೆಥಡ್, ಸಿಗ್ನಿಫಿಕೆಂಟ್ ಈ ಬಗೆಯವು. ಕಾಲೇಜು ಪಠ್ಯಗಳಲ್ಲಿ ನೂರಕ್ಕೆ ಸುಮಾರು ಹತ್ತು ಪದ ಇವೇ. ಬಹಳಷ್ಟನ್ನು ನೀನು ಆಗಲೇ ಓದಿದ್ದೀಯ. ನಿನ್ನ ಪ್ರಾಜೆಕ್ಟ್ ರಿಪೋರ್ಟ್ ಎದುರಿಗಿಟ್ಟುಕೊಂಡು, ಏನು ಮಾಡಿದೆ, ಯಾಕೆ ಮಾಡಿದೆ, ಎಲ್ಲಿ ಕೆಟ್ಟಿತು, ಹೇಗೆ ಸರಿಮಾಡಿದೆ ಎಂಬುದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳು. ಪದ ಸಿಗದೆ ನಿಂತ ಕಡೆ ಗುರುತು ಹಾಕಿಕೋ, ರಿಪೋರ್ಟಿನಿಂದಲೇ ಆ ಪದ ಹುಡುಕು, ಮತ್ತೆ ರೆಕಾರ್ಡ್ ಮಾಡು. ನಿನ್ನ ಗೈಡ್ ಒಪ್ಪಿದರೆ ಅವರ ಮುಂದೆ ಒಂದು ಸಲ ಹೇಳಿ ತೋರಿಸು.