ಕೊಡಗಿನಲ್ಲಿದ್ದುಕೊಂಡು ಆಟ ರೂಪಿಸುವ ನೀವು ಈಗ ಏನು ಮಾಡುತ್ತಿದ್ದೀರಿ, ಏನು ಆಡುತ್ತೀರಿ?

ಏನು ಆಡುತ್ತೇನೆ ಎಂಬುದನ್ನು ಮೊದಲು ಹೇಳುತ್ತೇನೆ. ಅದು ತಿಳಿದರೆ ಏನು ಮಾಡುತ್ತಿದ್ದೇನೆ ಎಂಬುದು ಸುಲಭವಾಗಿ ಅರ್ಥವಾಗುತ್ತದೆ.

ಹೆಚ್ಚಾಗಿ ಆಡುವುದು ಚೌಕಾಬಾರ. ಮಳೆಗಾಲದಲ್ಲಿ ಮಡಿಕೇರಿಯ ಆಚೆಗಿನ ನಮ್ಮ ಮನೆಯಲ್ಲಿ ಕರೆಂಟು ಹೋದರೆ ಮತ್ತೆ ಯಾವಾಗ ಬರುತ್ತದೆಂದು ಯಾರೂ ಮಾತು ಕೊಡುವುದಿಲ್ಲ. ಆಗ ನಮ್ಮ ಅತ್ತೆ ಸೀಮೆಸುಣ್ಣದಲ್ಲಿ ನೆಲದ ಮೇಲೆ ಐದಕ್ಕೆ ಐದು ಮನೆ ಬರೆದು, ನಾಲ್ಕು ಕವಡೆ ಹಿಡಿದು ಕುಳಿತುಬಿಡುತ್ತಾರೆ. ಕಾಗದದ ಲೆಕ್ಕದಲ್ಲಿ ನಾಲ್ಕು ಕವಡೆ ಬೀಳಲು 16 ದಾರಿಗಳಿವೆ. ಅವುಗಳಲ್ಲಿ ಎರಡು ಬೀಳುವುದು ಆರು ದಾರಿಯಲ್ಲಿ, ಚೌಕ ಎಂದರೆ ನಾಲ್ಕು, ಬಾರ ಎಂದರೆ ಎಂಟು, ಇವು ಒಂದೊಂದೇ ದಾರಿಯಲ್ಲಿ. ಆದರೆ ಕವಡೆಯ ಬೆನ್ನು ಉಬ್ಬು, ಬಾಯಿಯ ಕಡೆ ಚಪ್ಪಟೆ. ಅದು ಕಾಗದದ ಲೆಕ್ಕಕ್ಕೆ ಜಗ್ಗುವುದಿಲ್ಲ. ತಮ್ಮ ನಾಲ್ಕು ಕವಡೆಗಳ ಗುಣ ಅತ್ತೆಗೆ ಚೆನ್ನಾಗಿ ಗೊತ್ತು. ನನ್ನ ಕಾಯಿ ಇನ್ನೇನು ಹಣ್ಣಾಗಬೇಕು ಎನ್ನುವಾಗ ಕಡಿದು ಹಾಕುವುದರಲ್ಲಿ ಅವರಿಗೆ ಎಲ್ಲಿಲ್ಲದ ಸಂತೋಷ.

ಈ ಆಟದಲ್ಲಿ ನನ್ನನ್ನು ಹಿಡಿದಿಟ್ಟಿರುವುದು ಅದರ ಕ್ರಮ. ಮೊದಲು ಗರ ಬೀಳುತ್ತದೆ, ಆಮೇಲೆ ಯಾವ ಕಾಯಿ ನಡೆಸಬೇಕೆಂದು ನೀವು ಯೋಚಿಸುತ್ತೀರಿ. ಅದೃಷ್ಟ ಕೆಟ್ಟಿದ್ದರೂ ಕೊನೆಯ ಮಾತು ನಿಮ್ಮದೇ.

ನಾನು ಈಗ ಮಾಡುತ್ತಿರುವ ಕಾರ್ಡಿನ ಆಟದಲ್ಲಿ ಈ ಕ್ರಮ ತಲೆಕೆಳಗಾಗಿದೆ. ಸದ್ಯಕ್ಕೆ ಅದರ ಹೆಸರು ‘ಹೂಮಳೆ’. ಪ್ರತಿಯೊಬ್ಬರಿಗೂ ಒಂದು ಸಣ್ಣ ತೋಟ: ಅರೇಬಿಕಾ, ರೊಬಸ್ಟಾ, ಕಾಳುಮೆಣಸಿನ ಬಳ್ಳಿ, ನೆರಳಿಗೆ ಒಂದೆರಡು ಮರ, ಒಂದು ಕೆರೆ. ಆಟದ ಜೀವ ಇರುವುದು ಫೆಬ್ರವರಿ, ಮಾರ್ಚ್ ತಿಂಗಳ ಸುತ್ತುಗಳಲ್ಲಿ. ಕಾಫಿ ಮೊಗ್ಗು ಅರಳಬೇಕಾದರೆ ಒಂದು ಒಳ್ಳೆಯ ಮಳೆ ಬೇಕು. ಬರೀ ತುಂತುರು ಬಿದ್ದರೆ ಮೊಗ್ಗು ಅರ್ಧಂಬರ್ಧವಾಗಿ ಹಾಳಾಗುತ್ತದೆ. ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಹೂ ಅರಳಿದ ದಿನವೇ ಮತ್ತೆ ಮಳೆ ಸುರಿದರೆ ಪರಾಗ ತೊಳೆದು ಹೋಗುತ್ತದೆ. ಅದನ್ನೂ ದಾಟಿದರೆ, ಕಾಯಿ ನಿಲ್ಲಲು ಇನ್ನೊಂದು ಬ್ಯಾಕಿಂಗ್ ಮಳೆ ಆಗಬೇಕು. ಕೆರೆಯ ನೀರನ್ನು ಸ್ಪ್ರಿಂಕ್ಲರ್‌ಗೆ ಹಾಕಿ ರೊಬಸ್ಟಾವನ್ನು ಈಗಲೇ ಅರಳಿಸಬೇಕೇ, ಮೋಡವನ್ನು ನಂಬಿ ಕಾಯಬೇಕೇ? ಮೊದಲು ತೀರ್ಮಾನ, ಆಮೇಲೆ ಮಳೆ.

ಅರೇಬಿಕಾ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ, ರೊಬಸ್ಟಾಗೆ ಬೇರೆ ಗಿಡದ ಪರಾಗ ಬೇಕು. ಇದನ್ನು ನಿಯಮವಾಗಿಸಿದ್ದೇನೆ: ಪಕ್ಕದವರ ರೊಬಸ್ಟಾ ಅದೇ ಸುತ್ತಿನಲ್ಲಿ ಅರಳಿದ್ದರೆ ಇಬ್ಬರಿಗೂ ಫಸಲು ಹೆಚ್ಚು. ಹಾಗಾಗಿ ಎದುರಾಳಿಯ ಕೆರೆಯಲ್ಲಿ ನೀರಿದೆಯೇ ಎಂದು ವಿಚಾರಿಸಿಕೊಳ್ಳುವುದು, ‘ನೀವು ಹಾಕಿದರೆ ನಾನೂ ಹಾಕುತ್ತೇನೆ’ ಎಂಬ ಚೌಕಾಶಿ ತಾನಾಗಿಯೇ ಹುಟ್ಟಿಕೊಂಡಿತು. ಇಡೀ ಆಟದಲ್ಲಿ ನನಗೆ ಹೆಮ್ಮೆ ಇರುವುದು ಇದೊಂದರ ಬಗ್ಗೆ.

ತಕರಾರು ಬಂದಿದ್ದು ಮಳೆಯ ಬಗ್ಗೆ. ಆಡಿ ನೋಡಿದ ಬೆಳೆಗಾರರ ಮನೆಯವರು ಹೂವು ಹಾಳಾದಾಗ ‘ಇದ್ದದ್ದೇ ಬಿಡಿ’ ಎಂದು ಕಾರ್ಡು ಮಡಚಿಟ್ಟರು. ಬೆಂಗಳೂರಿನಿಂದ ಬಂದ ಗೆಳೆಯರು ಕೆಂಡಾಮಂಡಲವಾದರು: ಸರಿಯಾಗಿ ಆಡಿಯೂ ಸೋಲುವುದಾದರೆ ಯೋಚಿಸುವುದೇಕೆ? ಈ ವಿಷಯದಲ್ಲಿ ನಾನು ಬೆಂಗಳೂರಿನವರ ಪಕ್ಷ. ತೋಟದ ಸಂಕಟ ನಿಜವೆಂಬ ಕಾರಣಕ್ಕೆ ಅದನ್ನೇ ಸಂಜೆ ಮೇಜಿನ ಮೇಲೆ ಮತ್ತೊಮ್ಮೆ ಉಣಬಡಿಸಬೇಕಿಲ್ಲ. 1995ರ ಕಟಾನ್ ಎಂಬ ಹಲಗೆಯಾಟದಲ್ಲೂ ಊರು ಕಟ್ಟುವುದು ಮೊದಲು, ಅದಕ್ಕೆ ಫಲ ಕೊಡುವ ದಾಳ ಉರುಳುವುದು ಆಮೇಲೆ. ಆದರೆ ಅಲ್ಲಿ ದಾಳ ಪ್ರತಿ ಸರದಿಗೂ ಉರುಳುತ್ತದೆ, ಸಿಟ್ಟು ಹಂಚಿಹೋಗುತ್ತದೆ. ಹೂಮಳೆಗೆ ವರ್ಷಕ್ಕೆ ಒಂದೇ ಅವಕಾಶ. ಅದಕ್ಕೇ ಈಗ ಮಳೆಯ ಕಾರ್ಡುಗಳ ಬೆನ್ನಿಗೆ ಮೂರು ಬಗೆಯ ಆಕಾಶ ಬರೆದಿದ್ದೇನೆ: ಬಿಳಿ, ಬೂದು, ಕಪ್ಪು. ಕಪ್ಪು ಬೆನ್ನಿನ ಕಾರ್ಡುಗಳಲ್ಲಿ ಹೆಚ್ಚಿನವು ಮಳೆ ತರುತ್ತವೆ, ಕೆಲವು ಕೈಕೊಡುತ್ತವೆ. ಮುಂದಿನ ಎರಡು ಕಾರ್ಡುಗಳ ಬೆನ್ನು ಎಲ್ಲರಿಗೂ ಕಾಣುತ್ತದೆ.

ಈ ಕಾರ್ಡುಗಳದ್ದೇ ಇನ್ನೊಂದು ಪಾಡು. ಜುಲೈ ತಿಂಗಳಲ್ಲಿ ದಪ್ಪ ಕಾಗದದ ಕಾರ್ಡನ್ನು ಮೇಜಿನ ಮೇಲಿಟ್ಟು ಮಲಗಿದರೆ ಬೆಳಿಗ್ಗೆ ಅದರ ಎರಡೂ ಅಂಚು ಹಪ್ಪಳದ ಹಾಗೆ ಮೇಲೆದ್ದಿರುತ್ತವೆ. ಗುರುತಿನ ಚೀಟಿಗೆ ಬಳಸುವ ಪಿವಿಸಿ ಹಾಳೆಯಲ್ಲಿ ಮುದ್ರಿಸಿ ನೋಡಿದೆ. ಕಲೆಸಲು ಹೋದರೆ ಕೈಯಿಂದ ಜಾರಿ ಚೆಲ್ಲಾಪಿಲ್ಲಿ. ಸಿಲ್ವರ್ ಓಕ್ ಮರದ ಬಿಲ್ಲೆ ಮಾಡಿಸಿದರೆ, ಎರಡನೇ ಆಟಕ್ಕಾಗಲೇ ಅಕ್ಕನ ಮಗಳು ಮರದ ಗೆರೆ ನೋಡಿ ಯಾವುದರ ಹಿಂದೆ ಮಳೆಯಿದೆ ಎಂದು ಹೇಳತೊಡಗಿದಳು. ಈಗ ಕಾಗದವೇ, ಪ್ಲಾಸ್ಟಿಕ್ ಹೊದಿಕೆಯೊಳಗೆ.

ಎರಡನೆಯ ಕೆಲಸ ಮೊಬೈಲಿಗೆ ಹುಲಿ-ಕುರಿ ಆಟ. ಮೂರು ಹುಲಿ, 15 ಕುರಿ, ಅದೃಷ್ಟಕ್ಕೆ ಜಾಗವೇ ಇಲ್ಲ. ಗೊಡಾಟ್ ಎಂಬ ಉಚಿತ ತಂತ್ರಾಂಶದಲ್ಲಿ ಮಾಡುತ್ತಿದ್ದೇನೆ. 2023ರಲ್ಲಿ ಬಂದ ಅದರ ನಾಲ್ಕನೇ ಆವೃತ್ತಿಯಲ್ಲಿ ಒತ್ತಕ್ಷರಗಳು ಸರಿಯಾಗಿ ಮೂಡುತ್ತವೆ; ಅದಕ್ಕೂ ಮುಂಚೆ ಅವು ಬಿಡಿಬಿಡಿಯಾಗಿ ಉದುರುತ್ತಿದ್ದವು. ಕುರಿಗಳ ಪರವಾಗಿ ಕಂಪ್ಯೂಟರನ್ನು ಜಾಣತನದಿಂದ ಆಡಿಸುವುದು ನನಗಿನ್ನೂ ಪೂರ್ತಿ ಒಲಿದಿಲ್ಲ.

ಉಳಿದಂತೆ, ಗೆಳೆಯರು ಬಂದರೆ ಹೈವ್. ಹಲಗೆಯೇ ಬೇಡದ, ಗಟ್ಟಿ ಬಿಲ್ಲೆಗಳ ಆಟ. ತೇವಕ್ಕೆ ಜಗ್ಗುವುದಿಲ್ಲವೆಂಬುದೇ ಇಲ್ಲಿ ಅದರ ದೊಡ್ಡ ಗುಣ. ಹೊಸ ಆಟ ಕೊಳ್ಳುವುದು ಕಡಿಮೆ, ನಿಯಮಪುಸ್ತಿಕೆಗಳನ್ನು ಮಾತ್ರ ಅಂತರ್ಜಾಲದಿಂದ ಇಳಿಸಿಕೊಂಡು ಓದುತ್ತಿರುತ್ತೇನೆ. ಹೊಟ್ಟೆಪಾಡೂ ಅದರಿಂದಲೇ: ಬೇರೆಯವರ ಆಟಗಳಿಗೆ ನಿಯಮ ಬರೆದು ಕೊಡುತ್ತೇನೆ. ಅಂದಹಾಗೆ, ಊರಿನಲ್ಲಿ ‘ಆಟದ ಕೆಲಸ’ ಎಂದರೆ ಎಲ್ಲರೂ ಹಾಕಿ ಎಂದುಕೊಳ್ಳುತ್ತಾರೆ. 1997ರಿಂದ ಕೊಡವ ಕುಟುಂಬಗಳ ಹಾಕಿ ಹಬ್ಬ ನಡೆಸಿಕೊಂಡು ಬಂದಿರುವ ನಾಡಿನಲ್ಲಿ ಅದು ಸಹಜವೇ.

‘ಹೂಮಳೆ’ ಆಡಿ ನೋಡುವ ಮನಸ್ಸಿದ್ದರೆ ಮಳೆಗಾಲದಲ್ಲಿ ಬನ್ನಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ಇಲ್ಲಿ ಕಾಫಿ ಕೊಯ್ಲು, ನಾಲ್ಕು ಜನರನ್ನು ಒಂದು ಮೇಜಿಗೆ ಕೂರಿಸುವುದು ಆಗದ ಮಾತು. ಬರಲಾಗದಿದ್ದರೆ ನಿಯಮಗಳನ್ನು ಕಳುಹಿಸುತ್ತೇನೆ, ಕಾರ್ಡುಗಳನ್ನು ನೀವೇ ಮುದ್ರಿಸಿಕೊಳ್ಳಿ. ಬೂದು ಬೆನ್ನಿನ ಕಾರ್ಡುಗಳಲ್ಲಿ ಮಳೆ ಎಷ್ಟಿರಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ. ನಿಮ್ಮ ಮನೆಯಲ್ಲಿ ಜಗಳ ಎಲ್ಲಿ ಶುರುವಾಯಿತೆಂದು ಬರೆದು ತಿಳಿಸಿದರೆ ಉಪಕಾರ.